ಸಾಲಿನಲ್ಲಿ ಸೈಕಲ್: ಕ್ಲಬ್ ರೈಡಿನಿಂದ ಮೊದಲ ರೇಸಿನವರೆಗೆ

ಒಬ್ಬರೇ ನೂರು ಕಿಲೋಮೀಟರ್ ಆರಾಮಾಗಿ ತುಳಿಯುವವರು ಕ್ಲಬ್ಬಿನ ಜತೆ ಹೊರಟ ಮೊದಲ ಭಾನುವಾರ ಇಪ್ಪತ್ತೈದನೇ ಕಿಲೋಮೀಟರಿಗೇ ಬಸವಳಿಯುತ್ತಾರೆ. ಕಾಲಲ್ಲಿ ಕಸುವಿಲ್ಲವೆಂದಲ್ಲ. ಮುಂದಿನವರ ಚಕ್ರದಿಂದ ಮೂರು ಮೀಟರ್ ಹಿಂದೆ ನಿಂತು ಗಾಳಿಯನ್ನೆಲ್ಲ ತಾವೇ ತಿನ್ನುತ್ತಾರೆ. ಅಂತರ ಬೆಳೆದಾಗ ಎದ್ದು ತುಳಿದು ಹಿಡಿಯುತ್ತಾರೆ, ಹಿಡಿದ ಕೂಡಲೇ ಬ್ರೇಕ್ ಒತ್ತುತ್ತಾರೆ. ಹೀಗೆ ಹತ್ತು ಸಲ ಮಾಡಿದರೆ ಎಂಥವರ ತೊಡೆಯೂ ಕಲ್ಲಾಗುತ್ತದೆ.

ಸಮತಟ್ಟು ರಸ್ತೆಯಲ್ಲಿ ವೇಗ ಗಂಟೆಗೆ 30 ಕಿಲೋಮೀಟರ್ ದಾಟಿದ ಮೇಲೆ ತುಳಿತದ ಬಹುಪಾಲು ಗಾಳಿಯನ್ನು ಸೀಳುವುದಕ್ಕೇ ಹೋಗುತ್ತದೆ. ಇನ್ನೊಬ್ಬರ ಬೆನ್ನಿಗೆ ಸರಿಯಾಗಿ ಸೇರಿಕೊಂಡರೆ ಸುಮಾರು ಕಾಲು ಭಾಗದಷ್ಟು ಶ್ರಮ ಉಳಿಯುತ್ತದೆ, ದೊಡ್ಡ ಗುಂಪಿನ ನಡುವೆ ಇದ್ದರೆ ಇನ್ನೂ ಹೆಚ್ಚು. ಕ್ಲಬ್ ರೈಡಿನ ಕಸುಬೆಲ್ಲ ಈ ಗಾಳಿಮರೆಯಲ್ಲಿ ಇರುವುದು ಹೇಗೆ, ಹಿಂದಿರುವವರನ್ನು ಬೆಚ್ಚಿಬೀಳಿಸದೆ ತುಳಿಯುವುದು ಹೇಗೆ ಎಂಬುದರ ಸುತ್ತಲೇ ಇದೆ. ಬೆಂಗಳೂರಿನ ಸುತ್ತಮುತ್ತ ತುಳಿಯುವವರನ್ನು ಮನಸ್ಸಿನಲ್ಲಿಟ್ಟು ಬರೆದದ್ದಿದು. ಮೈಸೂರು, ವಿಜಯಪುರದವರಿಗೂ ಹೆಚ್ಚು ವ್ಯತ್ಯಾಸವಿಲ್ಲ. ವಿಜಯಪುರ, ಬಾಗಲಕೋಟೆ ಕಡೆಯ ಹುಡುಗರಿಗಂತೂ ಗಾಳಿಯ ಪಾಠ ಯಾರೂ ಹೇಳಬೇಕಿಲ್ಲ, ಅಲ್ಲಿಯ ಬಯಲೇ ಹೇಳಿಕೊಟ್ಟಿರುತ್ತದೆ.

ಯಾವ ಗುಂಪು, ಯಾವ ಸೈಕಲ್

ಬಹುತೇಕ ಕ್ಲಬ್ಬುಗಳು ವೇಗ ನೋಡಿ ಎರಡು ಮೂರು ಗುಂಪು ಮಾಡುತ್ತವೆ: ಸರಾಸರಿ 22–25ರವರು, 26–29ರವರು, 30 ದಾಟುವವರು. ನೀವು ಒಬ್ಬರೇ ಎರಡು ಗಂಟೆ ತುಳಿದಾಗ ಬರುವ ಸರಾಸರಿಯನ್ನೇ ನಿಮ್ಮ ವೇಗವೆಂದು ಇಟ್ಟುಕೊಳ್ಳಿ. ಗುಂಪಿನಲ್ಲಿ ಮೂರು ನಾಲ್ಕು ಕಿಲೋಮೀಟರ್ ಹೆಚ್ಚೇ ಬರುತ್ತದೆ, ನಿಜ. ಆದರೆ ಆ ಲೆಕ್ಕ ಹಿಡಿದು ಮೊದಲ ತಿಂಗಳೇ ಮೇಲಿನ ಗುಂಪಿಗೆ ಹಾರಬೇಡಿ. ಸುಸ್ತಾದವರ ಹ್ಯಾಂಡಲ್ ತೂರಾಡುತ್ತದೆ, ತೂರಾಡುವ ಹ್ಯಾಂಡಲಿನ ಹಿಂದೆ ಯಾರಿಗೂ ನೆಮ್ಮದಿ ಇಲ್ಲ. ಯಾರನ್ನೂ ಬಿಟ್ಟುಹೋಗದ ‘ನೋ ಡ್ರಾಪ್’ ರೈಡು ಇದೆಯೇ ಎಂದು ಮೊದಲೇ ಕೇಳಿ. ಹೊಸಬರಿಗೆ ಅದೇ ಸರಿ.

ಸೈಕಲ್ ವಿಚಾರಕ್ಕೆ ಹೆಚ್ಚು ತಲೆ ಕೆಡಿಸಿಕೊಳ್ಳುವುದು ಬೇಡ. ನಿಧಾನದ ಗುಂಪಿಗೆ ನುಣುಪು ಟೈರಿನ ಹೈಬ್ರಿಡ್ ಸಾಕು. ರೇಸಿಗೆ ಬಾಗಿದ ಹ್ಯಾಂಡಲಿನ ರೋಡ್ ಬೈಕ್ ಬೇಕು. ಮುಂದೆ 50–34 ಹಲ್ಲಿನ ಕ್ರ್ಯಾಂಕ್, ಹಿಂದೆ 11–32ರ ಕ್ಯಾಸೆಟ್ (11ರಿಂದ 32 ಹಲ್ಲಿನವರೆಗಿನ ಗೇರು ಚಕ್ರಗಳ ಗೊಂಚಲು) ಇದ್ದರೆ ನಂದಿ ಬೆಟ್ಟವೂ ದಕ್ಕುತ್ತದೆ. ಅಂಗಡಿಯಿಂದ 11–28 ಬಂದಿದ್ದರೆ, ಹೆಚ್ಚು ಬೆಲೆಯ ಚಕ್ರದ ಆಸೆ ಬಿಟ್ಟು ಮೊದಲು ಆ ಕ್ಯಾಸೆಟ್ ಬದಲಿಸಿ. ಕೊಳ್ಳುವ ಮುಂಚೆ, ಚೈನನ್ನು ಗೇರಿನಿಂದ ಗೇರಿಗೆ ಸರಿಸುವ ಹಿಂದಿನ ಡಿರೇಲರ್ 32 ಹಲ್ಲಿನ ಚಕ್ರಕ್ಕೆ ಹೊಂದುತ್ತದೆಯೇ, ಚೈನಿನ ಉದ್ದ ಸಾಲುತ್ತದೆಯೇ ಎಂದು ಮೆಕ್ಯಾನಿಕ್‌ನಲ್ಲಿ ಕೇಳಿಕೊಳ್ಳಿ. ಸೈಡ್ ಸ್ಟ್ಯಾಂಡ್ ಬಿಚ್ಚಿಡಿ, ಬೆಲ್ ಇರಲಿ. ಟ್ರಯಾಥ್ಲಾನಿನವರು ಹಾಕುವ, ಮುಂಗೈ ಊರಿ ಹಿಡಿಯುವ ಏರೋಬಾರನ್ನು ಗುಂಪಿನಲ್ಲಿ ಹಿಡಿಯಲೇಬಾರದು, ಅಲ್ಲಿಂದ ಬ್ರೇಕಿಗೆ ಕೈ ಹೋಗುವಷ್ಟರಲ್ಲಿ ಕೆಲಸ ಕೆಟ್ಟಿರುತ್ತದೆ. ಹೆಲ್ಮೆಟ್ ಇಲ್ಲದವರನ್ನು ಯಾವ ಒಳ್ಳೆಯ ಕ್ಲಬ್ಬೂ ಸೇರಿಸಿಕೊಳ್ಳುವುದಿಲ್ಲ. ಬೆಳಿಗ್ಗೆ ಐದೂವರೆಗೇ ಹೊರಡುವುದರಿಂದ ಹಿಂದೆ ಕೆಂಪು ದೀಪ, ಮುಂದೆ ಬಿಳಿ ದೀಪ ಬೇಕು. ಗುಂಪಿನಲ್ಲಿ ಹಿಂದಿನ ದೀಪವನ್ನು ಮಿನುಗಿಸದೆ ಒಂದೇ ಸಮ ಉರಿಯಲು ಬಿಡಿ. ಗಂಟೆಗಟ್ಟಲೆ ಮಿನುಗುವ ದೀಪ ನೋಡುತ್ತಾ ತುಳಿಯುವುದು ಶಿಕ್ಷೆ.

ಟೈರಿನ ಗಾಳಿಯ ವಿಷಯದಲ್ಲಿ ಮಾತ್ರ ಎಲ್ಲರೂ ಎಡವುತ್ತಾರೆ. ಟೈರಿನ ಮೇಲೆ ಅಚ್ಚಾಗಿರುವ ಅಂಕಿ ಗರಿಷ್ಠ ಮಿತಿ, ಅಷ್ಟೇ ಹೊಡೆಯಬೇಕೆಂಬ ಸಲಹೆ ಅಲ್ಲ. 65–70 ಕಿಲೋ ತೂಗುವವರು 25 ಮಿ.ಮೀ. ಟೈರಿಗೆ ಮುಂದೆ 75–80, ಹಿಂದೆ 80–85 ಪಿಎಸ್‌ಐ ಹೊಡೆದರೆ ಸಾಕು. 28 ಮಿ.ಮೀ. ಟೈರಿಗೆ ಮುಂದೆ 65–70, ಹಿಂದೆ 70–75. ಮಳೆಯಲ್ಲಿ ಐದು ಪಿಎಸ್‌ಐ ಇಳಿಸಿ. ನೂರಿಪ್ಪತ್ತು ಹೊಡೆದ ಟೈರು ನಮ್ಮ ಡಾಂಬರಿನ ಮೇಲೆ ಓಡುವುದಿಲ್ಲ, ಕುಣಿಯುತ್ತದೆ. ಕುಣಿತಕ್ಕೆ ಖರ್ಚಾಗುವುದು ನಿಮ್ಮ ಶಕ್ತಿಯೇ. ಹಾಗೆಂದು ಐವತ್ತಕ್ಕೆ ಇಳಿಸಿದರೆ ಗುಂಡಿಯ ಅಂಚು ತಾಗಿದಾಗ ರಿಮ್ಮಿಗೂ ಕಲ್ಲಿಗೂ ನಡುವೆ ಸಿಕ್ಕಿ ಟ್ಯೂಬಿಗೆ ಹಾವು ಕಚ್ಚಿದಂತೆ ಜೋಡಿ ತೂತು ಬೀಳುತ್ತದೆ.

ಸಾಲಿನ ನಡತೆ

ಮುಂದಿನವರ ಹಿಂಚಕ್ರಕ್ಕೂ ನಿಮ್ಮ ಮುಂಚಕ್ರಕ್ಕೂ ನಡುವೆ ಮೊದಮೊದಲು ಒಂದು ಸೈಕಲಿನಷ್ಟು ಜಾಗ ಬಿಡಿ. ನಾಲ್ಕೈದು ರೈಡಿನ ಬಳಿಕ ಅರ್ಧ ಸೈಕಲ್, ಅದಾದ ಮೇಲೆ ಒಂದೆರಡು ಅಡಿ. ಕಣ್ಣು ಮುಂದಿನ ಚಕ್ರದ ಮೇಲೆ ನೆಡಬಾರದು. ಮುಂದಿನವರ ಸೊಂಟ, ಭುಜದತ್ತ ನೋಡಿ, ಭುಜದ ಮೇಲಿನಿಂದ ಇನ್ನೂ ಮುಂದಿನ ಇಬ್ಬರನ್ನು ನೋಡಿ. ಚಕ್ರ ಕಣ್ಣಂಚಿನಲ್ಲಿ ತಾನಾಗಿ ಕಾಣುತ್ತಿರುತ್ತದೆ.

ಎಂದಿಗೂ ಮಾಡಬಾರದ್ದು ಚಕ್ರದ ಪಕ್ಕಕ್ಕೆ ಚಕ್ರ ತೂರಿಸುವುದು. ನಿಮ್ಮ ಮುಂಚಕ್ರ ಅವರ ಹಿಂಚಕ್ರದ ಪಕ್ಕಕ್ಕೆ ಅರ್ಧ ಅಡಿ ಹೋಗಿರುವಾಗ ಅವರು ಗುಂಡಿ ತಪ್ಪಿಸಲು ಒಂದಿಷ್ಟು ಸರಿದರೆ ಎರಡೂ ಚಕ್ರ ಉಜ್ಜುತ್ತವೆ. ಮುಂದಿನವರಿಗೆ ಟಕ್ಕೆಂಬ ಸದ್ದು ಕೇಳಿಸುತ್ತದೆ, ಅಷ್ಟೇ. ಅವರ ಹ್ಯಾಂಡಲ್ ಅವರ ಹಿಡಿತದಲ್ಲೇ ಇರುತ್ತದೆ. ನಿಮ್ಮ ಮುಂಚಕ್ರ ಮಾತ್ರ ಹ್ಯಾಂಡಲನ್ನೇ ತಿರುಚಿಬಿಡುತ್ತದೆ, ನೆಲ ಕಚ್ಚುವವರು ನೀವು, ನಿಮ್ಮ ಮೇಲೆ ಬೀಳುವವರು ನಿಮ್ಮ ಹಿಂದಿನವರು. ತಪ್ಪು ಯಾರದೇ ಇರಲಿ, ಬೀಳುವುದು ಹಿಂದಿನ ಚಕ್ರವೇ. ಅಕಸ್ಮಾತ್ ಚಕ್ರ ತಾಗಿಯೇಬಿಟ್ಟರೆ ಬ್ರೇಕ್ ಮುಟ್ಟಬೇಡಿ, ದೂರಕ್ಕೆ ಎಳೆಯಲೂ ಬೇಡಿ. ತಾಗಿದ ಕಡೆಗೇ ಸ್ವಲ್ಪ ಒತ್ತು ಕೊಟ್ಟು, ತುಳಿಯುವುದನ್ನು ನಿಲ್ಲಿಸಿ ಹಿಂದೆ ಸರಿಯಿರಿ. ಓದಿದ ಮಾತ್ರಕ್ಕೆ ಇದು ಬರುವುದಿಲ್ಲ. ಹುಲ್ಲಿನ ಮೈದಾನದಲ್ಲಿ ಗೆಳೆಯರೊಬ್ಬರ ಜತೆ ನಡಿಗೆಯ ವೇಗದಲ್ಲಿ ಬೇಕೆಂದೇ ಚಕ್ರ ತಾಗಿಸಿ ಅಭ್ಯಾಸ ಮಾಡಿ.

ಏರು ಬಂದಾಗ ಸೀಟಿನಿಂದ ಎದ್ದು ತುಳಿಯುವುದು ಸಹಜ. ಏಳುವಾಗ ಒಂದು ಕ್ಷಣ ಪೆಡಲಿನ ಒತ್ತಡ ಸಡಿಲುತ್ತದೆ, ಮೈ ಮುಂದಕ್ಕೆ ಹೋಗುತ್ತದೆ, ಸೈಕಲ್ ಗೇಣುದ್ದ ಹಿಂದಕ್ಕೆ ಬಂದಂತಾಗುತ್ತದೆ. ಒಂದಡಿ ಹಿಂದಿರುವವರಿಗೆ ಆ ಗೇಣೇ ಸಾಕು. ಆದ್ದರಿಂದ ಏಳುವ ಮುಂಚೆ ಒಂದು ಗೇರು ಭಾರ ಮಾಡಿ, ಬಲಗಾಲು ಗಟ್ಟಿಯಾಗಿ ಕೆಳಕ್ಕೆ ಒತ್ತುತ್ತಿರುವಾಗ ಆ ಒತ್ತಿನ ಮೇಲೇ ಎದ್ದುಬಿಡಿ. ಕೂರುವಾಗಲೂ ಹಾಗೆಯೇ, ಸೈಕಲನ್ನು ಸ್ವಲ್ಪ ಮುಂದಕ್ಕೆ ನೂಕಿ ಕುಳಿತುಕೊಳ್ಳಿ. ಯಾರಾದರೂ ಎದ್ದು ತುಳಿಯುವುದನ್ನು ಹಿಂದಿನಿಂದ ನೋಡಿದರೆ ಅವರು ಗುಂಪಿಗೆ ಹೊಸಬರೋ ಹಳಬರೋ ಗೊತ್ತಾಗಿಬಿಡುತ್ತದೆ.

ವೇಗ ತಗ್ಗಿಸಲು ಬ್ರೇಕ್ ಕೊನೆಯ ಉಪಾಯ. ಮೊದಲು ಪೆಡಲ್ ಹಗುರ ಮಾಡಿ. ಸಾಲದಿದ್ದರೆ ಮೈ ಸ್ವಲ್ಪ ಎತ್ತಿ ಎದೆಗೆ ಗಾಳಿ ಬೀಳಿಸಿ. ಅದೂ ಸಾಲದಿದ್ದರೆ ಅರ್ಧ ಅಡಿ ಪಕ್ಕಕ್ಕೆ ಸರಿದು ಗಾಳಿಗೆ ಬನ್ನಿ. ಮುಂದಿದ್ದವರೊಬ್ಬರು ಒಮ್ಮೆ ಬ್ರೇಕ್ ಚಿವುಟಿದರೆ ಹತ್ತನೆಯವರು ನಿಲ್ಲುವಷ್ಟು ಬ್ರೇಕ್ ಹಾಕಬೇಕಾಗುತ್ತದೆ, ಆಮೇಲೆ ಅಷ್ಟೇ ಜೋರಾಗಿ ಓಡಿ ಹಿಡಿಯಬೇಕಾಗುತ್ತದೆ. ಬಾಲದಲ್ಲಿರುವವರು ಎಲ್ಲರಿಗಿಂತ ಬೇಗ ಸುಸ್ತಾಗುವುದು ಇದರಿಂದಲೇ.

ಸಾಲಿನ ಮುಂದೆ ನಿಂತು ಗಾಳಿಗೆ ಎದುರಾಗಿ ಎಳೆಯುವ ಸರದಿ ಬಂದಾಗ ಎಲ್ಲರೂ ಮಾಡುವ ತಪ್ಪು ಒಂದಿದೆ. ಗಾಳಿಮರೆಯಲ್ಲಿ ಕೂಡಿಟ್ಟ ಹುಮ್ಮಸ್ಸೆಲ್ಲ ಒಮ್ಮೆಲೇ ಉಕ್ಕಿ ವೇಗ 32ರಿಂದ 36ಕ್ಕೆ ಏರುತ್ತದೆ, ಸಾಲು ಹರಿದುಹೋಗುತ್ತದೆ. ಮೀಟರ್ ನೋಡಿಕೊಳ್ಳಿ: ಮುಂದಿನವರು ಸರಿಯುವ ಮುಂಚೆ 32 ಇದ್ದರೆ ನೀವು ಮುಂದೆ ಬಂದ ಮೇಲೂ 32. ಏರಿನಲ್ಲಿ ಅದು 24 ಆದರೂ ಆಗಲಿ, ಅಲ್ಲಿ ವೇಗ ಉಳಿಸಲು ಹೋಗದೆ ತುಳಿತದ ಭಾರವನ್ನು ಒಂದೇ ಸಮ ಇಡಿ. ಅರ್ಧ ನಿಮಿಷದಿಂದ ಎರಡು ನಿಮಿಷ ಎಳೆದು ಬಿಟ್ಟುಕೊಡಿ. ಸುಸ್ತಾಗಿದ್ದರೆ ಹತ್ತು ಸೆಕೆಂಡಿಗೇ ಸರಿದರೂ ಯಾರೂ ಏನೂ ಅನ್ನುವುದಿಲ್ಲ. ಸರಿಯುವ ಮುಂಚೆ ಬಲಭುಜದ ಮೇಲಿಂದ ಹಿಂದೆ ವಾಹನ ಬರುತ್ತಿದೆಯೇ ನೋಡಿ, ಮೊಣಕೈ ಅಲುಗಿಸಿ, ಒಂದು ತೋಳಿನಷ್ಟು ಬಲಕ್ಕೆ ಜರುಗಿ. ಆಮೇಲೆ ಪೆಡಲ್ ಹಗುರ ಮಾಡಿದರೆ ಸಾಲು ಎಡದಿಂದ ನಿಮ್ಮನ್ನು ದಾಟಿ ಹೋಗುತ್ತದೆ. ಸಾಲಿನ ಕೊನೆಯವರು ‘ಲಾಸ್ಟ್’ ಎಂದು ಕೂಗಬೇಕು. ಆ ಕೂಗು ಕೇಳಿದಾಗಲೇ ವೇಗ ಕೂಡಿಸಲು ಶುರು ಮಾಡಿ. ಅವರು ಪೂರ್ತಿ ದಾಟಿದ ಮೇಲೆ ಶುರು ಮಾಡಿದರೆ ಹಿಡಿಯಲು ಮತ್ತೊಂದು ಸಣ್ಣ ಸ್ಪ್ರಿಂಟ್ ಬೇಕಾಗುತ್ತದೆ.

ವೇಗದ ಗುಂಪಿನವರು ಎರಡು ಸಾಲು ಮಾಡಿ ನಿಲ್ಲದೆ ತಿರುಗುತ್ತಾರೆ. ಒಂದು ಸಾಲು ಮುಂದಕ್ಕೆ, ಇನ್ನೊಂದು ಹಿಂದಕ್ಕೆ, ಬಾವಿಯ ರಾಟೆಯ ಹಗ್ಗದ ಹಾಗೆ. ಗಾಳಿ ಯಾವ ಕಡೆಯಿಂದ ಬೀಸುತ್ತಿದೆಯೋ ಆ ಕಡೆಯ ಸಾಲು ಹಿಂದಕ್ಕೆ ಸರಿಯುವ ಸಾಲು. ಮುಂದಕ್ಕೆ ಹೋಗುವವರಿಗೆ ಅದು ಗೋಡೆಯಾಗುತ್ತದೆ. ಮುಂದೆ ಬಂದವರು ವೇಗ ಕೂಡಿಸದೆ ಪಕ್ಕದ ಸಾಲಿಗೆ ಜಾರಿದರೆ ಸಾಕು. ವಾಹನ ಓಡಾಡುವ ರಸ್ತೆಯಲ್ಲಿ ಇಬ್ಬರ ಪಕ್ಕ ಮೂರನೆಯವರು ಬರಲೇಬಾರದು. ಹಿಂದಿನಿಂದ ಬಸ್ಸು ಲಾರಿ ಬಂದರೆ ‘ಕಾರ್ ಬ್ಯಾಕ್’ ಎಂಬ ಕೂಗಿಗೆ ಎಲ್ಲರೂ ಒಂದೇ ಸಾಲಾಗಬೇಕು.

ಕೈಸನ್ನೆಗಳು ನಾಲ್ಕೇ. ಗುಂಡಿ ಇರುವ ಕಡೆಗೆ ಬೆರಳು ತೋರಿಸುವುದು. ನಿಂತ ವಾಹನ, ಎತ್ತಿನ ಗಾಡಿ ಅಡ್ಡ ಬಂದರೆ ಬೆನ್ನ ಹಿಂದೆ ಕೈ ತಂದು ಯಾವ ಕಡೆಗೆ ಸರಿಯಬೇಕೋ ಆ ಕಡೆಗೆ ಬೀಸುವುದು. ಮರಳು, ಜಲ್ಲಿ ಇದ್ದರೆ ಅಂಗೈ ಕೆಳಗೆ ಮಾಡಿ ಅಲ್ಲಾಡಿಸುವುದು. ನಿಲ್ಲುವುದಕ್ಕೆ ಕೈ ಮೇಲೆತ್ತುವುದು. ನೀವು ಕಂಡದ್ದನ್ನು ಹಿಂದಕ್ಕೆ ದಾಟಿಸಲೇಬೇಕು. ಕೈ ಬಿಡಲಾಗದಷ್ಟು ರಸ್ತೆ ಕೆಟ್ಟಿದ್ದರೆ ‘ಗುಂಡಿ’, ‘ಹಂಪ್’ ಎಂದು ಕೂಗಿ, ಎರಡೂ ಕೈ ಹ್ಯಾಂಡಲಿನಲ್ಲಿರಲಿ.

ನಮ್ಮ ರಸ್ತೆಗಳ ತಂಟೆ

ಬಣ್ಣ ಬಳಿಯದ ಹಂಪು ಹಳ್ಳಿಯ ಶಾಲೆ, ದೇವಸ್ಥಾನ, ಬಸ್ ನಿಲ್ದಾಣದ ಎದುರು ಇದ್ದೇ ಇರುತ್ತದೆ ಎಂದುಕೊಳ್ಳಿ. ಎದುರಿನ ವಾಹನದ ಮೂತಿ ಏಳುವುದು ಇಳಿಯುವುದು ಕಂಡರೆ ಅಲ್ಲೊಂದು ಹಂಪಿದೆ. ನೀರಿನ ಬಾಟಲಿ ಹೋಲ್ಡರಿನಿಂದ ಹಾರಿ ಹಿಂದಿನವರ ಚಕ್ರದಡಿ ಬೀಳುವುದು ಇಂಥಲ್ಲೇ. ಹೋಲ್ಡರ್ ಸಡಿಲವಿದ್ದರೆ ಬದಲಿಸಿ.

ಡಿಸೆಂಬರ್, ಜನವರಿಯಲ್ಲಿ ರಾಗಿ, ಹುರುಳಿ ಕೊಯ್ಲಾದ ಮೇಲೆ ಚಿಕ್ಕಬಳ್ಳಾಪುರ, ಕೋಲಾರ, ರಾಮನಗರ, ತುಮಕೂರು ಕಡೆಯ ಎಷ್ಟೋ ಹಳ್ಳಿಗಳಲ್ಲಿ ರಸ್ತೆಯೇ ಕಣ. ತೆನೆ, ಗಿಡ ಹರಡಿ ಬಸ್ಸು ಲಾರಿಗಳ ಚಕ್ರದಲ್ಲೇ ಒಕ್ಕಣೆ ಮಾಡಿಸುತ್ತಾರೆ. ಬೆಳಗಿನ ಮಂಜಿಗೆ ನೆಂದ ಹುಲ್ಲಿನ ಮೇಲೆ ಸಣ್ಣ ಟೈರು ಸೋಪಿನ ಮೇಲೆ ಇಟ್ಟಂತೆ ಜಾರುತ್ತದೆ. ಅದಕ್ಕಿಂತ ಕೆಟ್ಟದ್ದು ಹುರುಳಿಯ ಬಳ್ಳಿ. ನಾರಿನಂಥ ಆ ಬಳ್ಳಿ ಕ್ಯಾಸೆಟ್ಟಿಗೆ ಸುತ್ತಿಕೊಂಡು ಡಿರೇಲರನ್ನು ಕಡ್ಡಿಗಳೊಳಕ್ಕೆ ಎಳೆದುಬಿಡುತ್ತದೆ. ಅದನ್ನು ಹಿಡಿದಿರುವ ಹ್ಯಾಂಗರ್ ಮುರಿದರೆ ಅವತ್ತಿನ ರೈಡು ಮುಗಿಯಿತು. ಹುಲ್ಲು ಕಂಡಲ್ಲಿ ತುಳಿಯುವುದು ನಿಲ್ಲಿಸಿ, ಇಳಿದು, ಸೈಕಲ್ ಹೆಗಲಿಗೆ ಏರಿಸಿ ಅಂಚಿನಲ್ಲಿ ನಡೆದು ದಾಟಿ. ನಿಮ್ಮ ಸೈಕಲಿನ ಮಾದರಿಗೆ ಹೊಂದುವ ಹ್ಯಾಂಗರ್ ಒಂದನ್ನು ಕೊಂಡು ಸೀಟಿನ ಕೆಳಗಿನ ಚೀಲದಲ್ಲಿ ಇಟ್ಟಿರಿ, ಮಾದರಿಗೊಂದು ಆಕಾರ ಇರುವುದರಿಂದ ತಾಲ್ಲೂಕು ಕೇಂದ್ರದ ಅಂಗಡಿಯಲ್ಲಿ ಸಿಗುವ ಭರವಸೆ ಇಲ್ಲ.

ನಾಯಿ ಅಟ್ಟಿಸಿಕೊಂಡು ಬಂದರೆ ಸಾಲು ಬಿಟ್ಟು ಪಕ್ಕಕ್ಕೆ ಎಳೆಯಬೇಡಿ, ಕಾಲಲ್ಲಿ ಒದೆಯಲು ಹೋಗಬೇಡಿ. ಒಂದು ಗದರು, ಬಾಟಲಿಯಿಂದ ಒಂದು ಚಿಮ್ಮು ನೀರು, ಅಷ್ಟಕ್ಕೆ ಬಹಳಷ್ಟು ನಾಯಿ ಹಿಂದೆಗೆಯುತ್ತವೆ. ಗುಂಪಿನಲ್ಲಿ ಆಳು ಬೀಳುವುದು ನಾಯಿ ಕಚ್ಚಿ ಅಲ್ಲ, ಬೆದರಿದವರು ಪಕ್ಕದವರಿಗೆ ಗುದ್ದಿ.

ದಿಕ್ಕು ಆರಿಸುವಾಗ ಗಾಳಿ ನೆನಪಿರಲಿ. ಜೂನ್‌ನಿಂದ ಆಗಸ್ಟ್‌ವರೆಗೆ ಪಡುವಣ ಗಾಳಿ ಜೋರು. ಮಾಗಡಿ, ಕುಣಿಗಲ್ ಕಡೆಗೆ ಹೋಗುವಾಗ ಎದುರುಗಾಳಿ, ಬರುವಾಗ ಬೆನ್ನುಗಾಳಿ. ದಣಿದ ಕಾಲಿಗೆ ಇದೇ ಒಳ್ಳೆಯದು. ಅದೇ ತಿಂಗಳಲ್ಲಿ ಹೊಸಕೋಟೆ, ಕೋಲಾರದತ್ತ ಹೋದರೆ ಹೋಗುವಾಗಿನ ಸುಖವನ್ನೆಲ್ಲ ಬರುವಾಗ ಬಡ್ಡಿ ಸಮೇತ ತೀರಿಸಬೇಕು. ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್‌ವೇಯ ಮುಖ್ಯ ಪಥದಲ್ಲಿ 2023ರ ಆಗಸ್ಟ್‌ನಿಂದ ಸೈಕಲಿಗೆ ಪ್ರವೇಶವಿಲ್ಲ, ಸರ್ವಿಸ್ ರಸ್ತೆ ಹಿಡಿಯಬೇಕು.

ಬೆಟ್ಟ ಇಳಿಯುವಾಗ ಗುಂಪು ಒಡೆದುಬಿಡಿ, ಒಬ್ಬರಿಗೊಬ್ಬರಿಗೆ ಮೂರು ನಾಲ್ಕು ಸೈಕಲಿನಷ್ಟು ಅಂತರ. ಬ್ರೇಕ್ ಎಲ್ಲ ತಿರುವಿಗೆ ಮುಂಚೆ, ತಿರುವಿನ ಒಳಗೆ ಅಲ್ಲ. ಹ್ಯಾಂಡಲಿನ ಕೆಳಭಾಗ ಹಿಡಿದು, ತಿರುವಿನ ಹೊರಬದಿಯ ಪೆಡಲ್ ಕೆಳಗಿಟ್ಟು ಅದರ ಮೇಲೆ ಭಾರ ಊರಿ, ದೃಷ್ಟಿ ರಸ್ತೆ ಮುಂದೆ ತೆರೆದುಕೊಳ್ಳುವ ಕಡೆಗೆ ಇಡಿ. ಬ್ರೇಕನ್ನು ಉದ್ದಕ್ಕೂ ಹಿಡಿದೇ ಇರಬೇಡಿ. ಬಲವಾಗಿ ಒತ್ತಿ, ಬಿಟ್ಟು, ತಣಿಯಲು ಬಿಡಿ. ನಂದಿ ಬೆಟ್ಟದ ತಿರುವುಗಳಲ್ಲಿ ಕಾರುಗಳು ನಿಮ್ಮ ಪಾಲಿನ ರಸ್ತೆಗೇ ಬಾಗಿ ಬರುತ್ತವೆ, ಕೋತಿಗಳು ರಸ್ತೆಗೆ ಇಳಿಯುತ್ತವೆ. ಹತ್ತುವಾಗ ರೇಸು ಮಾಡಿ, ಇಳಿಯುವಾಗ ಬೇಡ.

ದಾರಿಯಲ್ಲಿ ಪಂಕ್ಚರ್

ಚೀಲದಲ್ಲಿ ಇರಬೇಕಾದ್ದು: ಎರಡು ಟ್ಯೂಬು, ಎರಡು ಟೈರ್ ಲಿವರ್, ಪ್ಯಾಚ್ ಮತ್ತು ಸಲ್ಯೂಷನ್, ಕೈಪಂಪು, ಅಲೆನ್ ಕೀ ಸೆಟ್ಟು, ತುಂಡಾದ ಚೈನನ್ನು ಜೋಡಿಸುವ ಕ್ವಿಕ್ ಲಿಂಕ್, ಮತ್ತೊಂದು ಪುಟ್ಟ ಹಿತ್ತಾಳೆ ಅಡಾಪ್ಟರ್. ಈ ಅಡಾಪ್ಟರ್ ಮರೆಯಬೇಡಿ. ರೋಡ್ ಬೈಕಿನ ಸಣ್ಣ ಪ್ರೆಸ್ಟಾ ವಾಲ್ವಿಗೆ ಹೆದ್ದಾರಿ ಬದಿಯ ಪಂಕ್ಚರ್ ಅಂಗಡಿಯ ಗಾಳಿ ಪೈಪು ಕೂರುವುದಿಲ್ಲ. ಇದನ್ನು ತಿರುಪಿದರೆ ಕೂರುತ್ತದೆ. ಅಂಗಡಿಯವರಿಗೆ ‘ಸ್ವಲ್ಪ ಸ್ವಲ್ಪ ಬಿಡಿ ಅಣ್ಣಾ’ ಎಂದು ಮೊದಲೇ ಹೇಳಿ. ಲಾರಿ ಟೈರಿಗೆ ಬಿಟ್ಟಂತೆ ಬಿಟ್ಟರೆ ನಿಮ್ಮ ಟ್ಯೂಬು ಕಣ್ಣೆದುರೇ ಒಡೆಯುತ್ತದೆ.

ಹಿಂಚಕ್ರ ಬಿಚ್ಚುವ ಮೊದಲು ಚೈನನ್ನು ಅತಿ ಸಣ್ಣ ಹಲ್ಲಿನ ಚಕ್ರಕ್ಕೆ ತನ್ನಿ, ತೆಗೆಯುವುದೂ ಕೂರಿಸುವುದೂ ಸುಲಭ. ರಿಮ್ ಬ್ರೇಕ್ ಇದ್ದರೆ ಅದನ್ನು ಸಡಿಲಿಸುವ ಪುಟ್ಟ ಲಿವರ್ ತೆರೆಯಿರಿ. ಡಿಸ್ಕ್ ಬ್ರೇಕ್ ಇದ್ದರೆ ಚಕ್ರ ಹೊರಗಿರುವಾಗ ಬ್ರೇಕ್ ಒತ್ತಬೇಡಿ, ಪ್ಯಾಡುಗಳು ಕೂಡಿಕೊಂಡುಬಿಡುತ್ತವೆ. ಟೈರಿನ ಒಂದೇ ಅಂಚನ್ನು ಲಿವರಿನಿಂದ ಎತ್ತಿ ಟ್ಯೂಬು ಹೊರಗೆಳೆಯಿರಿ. ಈಗ ಅವಸರ ಮಾಡದೆ ಚುಚ್ಚಿದ್ದು ಏನೆಂದು ಹುಡುಕಿ. ಹೆದ್ದಾರಿ ಅಂಚಿನಲ್ಲಿ ಒಡೆದ ಲಾರಿ ಟೈರಿನ ಕೂದಲೆಳೆಯ ತಂತಿ, ಬಯಲುಸೀಮೆಯಲ್ಲಿ ಜಾಲಿ ಮುಳ್ಳು. ತಂತಿ ಕಣ್ಣಿಗೆ ಕಾಣುವುದೇ ಇಲ್ಲ. ಕೈಗವಸನ್ನೋ ಬಟ್ಟೆಯ ಚೂರನ್ನೋ ಟೈರಿನ ಒಳಮೈಯಲ್ಲಿ ಸುತ್ತಲೂ ಸವರಿ, ನೂಲು ಸಿಕ್ಕಿಕೊಂಡ ಜಾಗದಲ್ಲಿ ಅದಿದೆ. ತೆಗೆಯದೆ ಹೊಸ ಟ್ಯೂಬು ಹಾಕಿದರೆ ಎರಡು ಕಿಲೋಮೀಟರಿಗೆ ಮತ್ತೆ ಇದೇ ಕೆಲಸ.

ಹೊಸ ಟ್ಯೂಬಿಗೆ ಆಕಾರ ಬರುವಷ್ಟು ಗಾಳಿ ಊದಿ, ವಾಲ್ವ್ ತೂರಿಸಿ, ಟೈರಿನೊಳಗೆ ಸುತ್ತ ಸೇರಿಸಿ. ಟೈರಿನ ಅಂಚನ್ನು ವಾಲ್ವಿನ ಎದುರು ಬದಿಯಿಂದ ಕೂರಿಸುತ್ತಾ ಬಂದು ವಾಲ್ವಿನ ಹತ್ತಿರ ಮುಗಿಸಿ. ಕೊನೆಯ ಗೇಣುದ್ದ ಬಿಗಿಯಾಗಿರುತ್ತದೆ. ಅಲ್ಲಿ ಲಿವರ್ ಹಾಕಿದರೆ ಹೊಸ ಟ್ಯೂಬಿಗೇ ತೂತು, ಹೆಬ್ಬೆರಳಿನ ಬುಡದಿಂದ ಉರುಳಿಸಿ ಕೂರಿಸಿ. ವಾಲ್ವನ್ನು ಒಮ್ಮೆ ಒಳಕ್ಕೆ ಒತ್ತಿ ಬಿಡಿ, ಎರಡೂ ಬದಿಯಲ್ಲಿ ಟ್ಯೂಬು ಇಣುಕುತ್ತಿಲ್ಲ ಎಂದು ನೋಡಿಕೊಂಡು ಗಾಳಿ ಹೊಡೆಯಿರಿ. ಟೈರೇ ಸೀಳಿದ್ದರೆ ಒಳಗಡೆ ಹಳೇ ಟ್ಯೂಬಿನ ತುಂಡನ್ನೋ ಮಡಚಿದ ಹತ್ತು ರೂಪಾಯಿ ನೋಟನ್ನೋ ಇಟ್ಟರೆ ನಿಧಾನವಾಗಿ ಮನೆ ತಲುಪಬಹುದು. 16 ಗ್ರಾಂ ಸಿಒಟು (ಇಂಗಾಲದ ಡೈಆಕ್ಸೈಡ್) ಸಿಲಿಂಡರ್ ಒಂದು ಚಕ್ರವನ್ನು ಕ್ಷಣದಲ್ಲಿ ತುಂಬಿಸುತ್ತದೆ, ಆದರೆ ಆ ಅನಿಲ ರಬ್ಬರಿನಿಂದ ಬೇಗ ಸೋರಿ ಮರುದಿನಕ್ಕೆ ಟೈರು ಮೆತ್ತಗಾಗಿರುತ್ತದೆ. ಮನೆಗೆ ಬಂದು ಮಾಮೂಲಿ ಗಾಳಿ ತುಂಬಿ.

ಚೈನಿನ ಬಗ್ಗೆ ಎರಡೇ ಮಾತು. ವಾರಕ್ಕೊಮ್ಮೆ ಒರೆಸಿ, ಪ್ರತಿ ಕೊಂಡಿಗೆ ಒಂದು ಹನಿ ಎಣ್ಣೆ ಹಾಕಿ, ಹತ್ತು ನಿಮಿಷ ಬಿಟ್ಟು ಹೊರಗಿನದನ್ನೆಲ್ಲ ಒರೆಸಿ ತೆಗೆಯಿರಿ. ಹೊರಗೆ ಉಳಿದ ಎಣ್ಣೆ ಧೂಳನ್ನು ಅರೆಯುವ ಹಿಟ್ಟಾಗಿಸುತ್ತದೆ, ಅಷ್ಟೇ. ಸವೆತ ಅಳೆಯುವ ಪಟ್ಟಿ ಕೊಂಡು 11, 12 ಗೇರಿನ ಚೈನನ್ನು 0.5 ಶೇಕಡಾ ಹಿಗ್ಗಿದಾಗಲೇ, ಅದಕ್ಕಿಂತ ಕಡಿಮೆ ಗೇರಿನದನ್ನು 0.75ಕ್ಕೆ ಬದಲಿಸಿ. ತಡ ಮಾಡಿದರೆ ಚೈನಿನ ಜತೆ ಕ್ಯಾಸೆಟ್ಟಿನ ದುಡ್ಡೂ ಹೋಗುತ್ತದೆ.

ತಿನ್ನುವುದು, ಕುಡಿಯುವುದು

ಒಂದೂವರೆ ಗಂಟೆಯೊಳಗಿನ ರೈಡಿಗೆ ನೀರೇ ಸಾಕು. ಅದಕ್ಕಿಂತ ಉದ್ದವಾದರೆ ಗಂಟೆಗೆ 40ರಿಂದ 60 ಗ್ರಾಂ ಪಿಷ್ಟ, ಸಕ್ಕರೆ ಹೊಟ್ಟೆಗೆ ಹೋಗಬೇಕು: ಒಂದು ಪಚ್ಚಬಾಳೆಹಣ್ಣು, ಮೂರು ನಾಲ್ಕು ಖರ್ಜೂರ ಸೇರಿದರೆ ಹೆಚ್ಚುಕಡಿಮೆ ಅಷ್ಟಾಗುತ್ತದೆ. ಹಸಿವಾದ ಮೇಲೆ ತಿಂದರೆ ತಡವಾಯಿತು, ನಲವತ್ತನೇ ನಿಮಿಷದಿಂದಲೇ ಶುರು ಮಾಡಿ. ಕಡಲೆಬೀಜದ ಚಿಕ್ಕಿ ನಿಧಾನದ ಉದ್ದ ರೈಡಿಗೆ ಚೆನ್ನ, ಎಣ್ಣೆಯಂಶ ಹೆಚ್ಚಿರುವುದರಿಂದ ರೇಸಿನಲ್ಲಿ ಹೊಟ್ಟೆಯಲ್ಲೇ ಕೂತಿರುತ್ತದೆ. ಬಿಸಿಲಿನಲ್ಲಿ ಗಂಟೆಗೆ ಅರ್ಧದಿಂದ ಮುಕ್ಕಾಲು ಲೀಟರ್ ನೀರು ಬೇಕು. ಎರಡನೇ ಬಾಟಲಿಯಲ್ಲಿ ಓಆರ್‌ಎಸ್ ಬೆರೆಸುವುದಾದರೆ ಪೊಟ್ಟಣದ ಮೇಲೆ ಬರೆದಿರುವಷ್ಟೇ ನೀರಿಗೆ ಹಾಕಿ. ಲೀಟರಿನ ಪೊಟ್ಟಣವನ್ನು ಅರ್ಧ ಲೀಟರ್ ಬಾಟಲಿಗೆ ಸುರಿದರೆ ಹೊಟ್ಟೆ ತೊಳಸುತ್ತದೆ. ಮಸಾಲೆದೋಸೆ ರೈಡು ಮುಗಿದ ಮೇಲೆ.

ರೇಸಿನ ಬಗೆಗಳು

ಹವ್ಯಾಸಿ ರೇಸುಗಳು ನಾಲ್ಕೈದು ಬಗೆ. ಬೆಂಗಳೂರಿನಲ್ಲಿ ಬಿಬಿಸಿಎಚ್ ಎಂದೇ ಎಲ್ಲರೂ ಕರೆಯುವ ಬ್ಯಾಂಗಲೋರ್ ಬೈಸಿಕಲ್ ಚಾಂಪಿಯನ್‌ಷಿಪ್ಸ್ ಇವನ್ನೆಲ್ಲ ನಡೆಸಿಕೊಂಡು ಬಂದಿದೆ. ಹೊಸಬರು ಟೈಂ ಟ್ರಯಲಿನಿಂದ ಶುರು ಮಾಡಿ. ಒಬ್ಬೊಬ್ಬರಾಗಿ ಅರ್ಧ ನಿಮಿಷ, ಒಂದು ನಿಮಿಷದ ಅಂತರದಲ್ಲಿ ಬಿಡುತ್ತಾರೆ, ಗುಂಪಿನ ಭಯವಿಲ್ಲ. ಇನ್ನೊಬ್ಬರ ಗಾಳಿಮರೆ ಹಿಡಿದರೆ ಮಾತ್ರ ಅನರ್ಹ. ಹೊರಡುವ ಮುಂಚೆ 20–25 ನಿಮಿಷ ಮೈ ಬಿಸಿ ಮಾಡಿಕೊಳ್ಳಿ, ನಡುವೆ ಒಂದೊಂದು ನಿಮಿಷದ ಮೂರು ಜೋರು ತುಳಿತ. ಮೊದಲ ಎರಡು ನಿಮಿಷ ‘ಇಷ್ಟು ಸುಲಭವೇ’ ಅನ್ನಿಸಬೇಕು. ಹಾಗನ್ನಿಸದಿದ್ದರೆ ಜಾಸ್ತಿ ತುಳಿಯುತ್ತಿದ್ದೀರಿ, ಅದರ ಬೆಲೆ ಕೊನೆಯ ಮೂರನೇ ಒಂದು ಭಾಗದಲ್ಲಿ ಕೊಡುತ್ತೀರಿ. ಎದುರುಗಾಳಿಯಲ್ಲಿ ಸ್ವಲ್ಪ ಹೆಚ್ಚು ಶ್ರಮ, ಬೆನ್ನುಗಾಳಿಯಲ್ಲಿ ಸ್ವಲ್ಪ ಕಡಿಮೆ. ಹೆಚ್ಚು ಹೊತ್ತು ಕಳೆಯುವುದು ಎದುರುಗಾಳಿಯಲ್ಲೇ, ಉಳಿಸಲು ಸಾಧ್ಯವಿರುವುದೂ ಅಲ್ಲೇ. ಯು ತಿರುವು ಬರುವ ಮುಂಚೆ ಗೇರು ಹಗುರ ಮಾಡಿ. ಭಾರದ ಗೇರಿನಲ್ಲೇ ತಿರುಗಿದವರು ನಿಂತಲ್ಲೇ ಒದ್ದಾಡುತ್ತಾರೆ.

ತಂಡದ ಟೈಂ ಟ್ರಯಲಿನಲ್ಲಿ ನಾಲ್ವರ ತಂಡಕ್ಕೆ ಸಾಮಾನ್ಯವಾಗಿ ಮೂರನೆಯವರು ಗೆರೆ ದಾಟಿದ ಹೊತ್ತೇ ತಂಡದ ಹೊತ್ತು. ಆದ್ದರಿಂದ ಬಲಶಾಲಿ ಹೆಚ್ಚು ಹೊತ್ತು ಎಳೆಯಬೇಕೇ ಹೊರತು ಹೆಚ್ಚು ವೇಗವಾಗಿ ಅಲ್ಲ. ಬಲವಿಲ್ಲದವರು ಹತ್ತು ಸೆಕೆಂಡ್ ಎಳೆದರೂ ಸರಿ, ಜತೆಗೆ ಉಳಿದರೆ ಸಾಕು.

ಬೆಟ್ಟದ ರೇಸಿನಲ್ಲಿ ಗಾಳಿಮರೆಗೆ ಬೆಲೆ ಕಡಿಮೆ, ನಿಮ್ಮ ತೂಕಕ್ಕೆ ತಕ್ಕ ಬಲವೇ ಎಲ್ಲ. ನಂದಿ ಬೆಟ್ಟದ ಏರು ಏಳೆಂಟು ಕಿಲೋಮೀಟರ್, ನೆತ್ತಿ 1478 ಮೀಟರ್ ಎತ್ತರದಲ್ಲಿದೆ, ಕಡಿದಾದ ಭಾಗ ಕೊನೆಯ ಕಿಲೋಮೀಟರುಗಳಲ್ಲಿದೆ. ಬುಡದಲ್ಲಿ ಹುರುಪಿನಿಂದ ಹಾರಿಹೋದವರನ್ನು ಹೋಗಲು ಬಿಡಿ. ಮೊದಲರ್ಧ ಮೂರು ಪದಗಳ ವಾಕ್ಯ ಹೇಳಲು ಆಗುವಷ್ಟು ಉಸಿರಿರಲಿ, ದ್ವಿತೀಯಾರ್ಧದಲ್ಲಿ ಅದೂ ಬೇಡ. ಪೆಡಲ್ ನಿಮಿಷಕ್ಕೆ 70 ಸುತ್ತಿಗಿಂತ ಕೆಳಗೆ ಇಳಿಯದಂತೆ ಗೇರು ಇಳಿಸುತ್ತಾ ಹೋಗಿ. ಮೊದಲ ವರ್ಷ ಅರ್ಧ ಗಂಟೆಯೊಳಗೆ ಹತ್ತಿದರೆ ಒಳ್ಳೆಯ ಹವ್ಯಾಸಿಯ ಲೆಕ್ಕ. ಚಾಮುಂಡಿ ಬೆಟ್ಟದಲ್ಲಿ ಅಭ್ಯಾಸ ಮಾಡುವ ಮೈಸೂರಿನವರು ಅದನ್ನೇ ಎರಡು ಸಲ ಹತ್ತಿ ಹದ ಕಲಿಯಬಹುದು.

ಗುಂಪಾಗಿ ಬಿಡುವ ರೋಡ್ ರೇಸಿಗೂ, ಚಿಕ್ಕ ಸುತ್ತನ್ನು ಹಲವು ಬಾರಿ ಸುತ್ತುವ ಕ್ರೈಟೀರಿಯಂಗೂ ಕನಿಷ್ಠ ಮೂರು ತಿಂಗಳು ಗುಂಪಿನಲ್ಲಿ ತುಳಿದ ಮೇಲೆಯೇ ಹೋಗಿ. ಕ್ರೈಟೀರಿಯಂನಲ್ಲಿ ಮೊದಲ ಹತ್ತು ಜನರೊಳಗೆ ಇರುವುದೇ ಅರ್ಧ ಗೆಲುವು. ಪ್ರತಿ ತಿರುವಿನಲ್ಲೂ ಬಾಲದವರು ಬ್ರೇಕ್ ಹಾಕಿ ಮತ್ತೆ ಸ್ಪ್ರಿಂಟ್ ಮಾಡಬೇಕು, ಮುಂದಿನವರು ಜಾರಿಕೊಂಡು ಹೋಗುತ್ತಾರೆ. ಇಪ್ಪತ್ತು ಸುತ್ತಿಗೆ ನಾಲ್ಕು ತಿರುವೆಂದರೆ ಎಂಬತ್ತು ಸ್ಪ್ರಿಂಟಿನ ವ್ಯತ್ಯಾಸ. ರೋಡ್ ರೇಸಿನಲ್ಲಿ ಐದನೆಯವರಿಂದ ಹದಿನೈದನೆಯವರ ನಡುವೆ ಇರಿ. ಮೊದಲ ಜಿಗಿತಕ್ಕೆಲ್ಲ ಬೆನ್ನು ಹತ್ತಬೇಡಿ. ಒಬ್ಬರೇ ಓಡಿಹೋದರೆ ಗಾಳಿಯೇ ಅವರನ್ನು ಹಿಂದಕ್ಕೆ ತಂದುಕೊಡುತ್ತದೆ. ಬೇರೆ ಬೇರೆ ತಂಡದ ಮೂರು ನಾಲ್ಕು ಬಲಶಾಲಿಗಳು ಒಟ್ಟಿಗೆ ಹೋದರೆ ಅದು ಲೆಕ್ಕದ ಜಿಗಿತ. ಕೊನೆಯ ಮೂರು ಕಿಲೋಮೀಟರಿನಲ್ಲಿ ಸುಮ್ಮನೆ ಇದ್ದವರು ಹಿಂದಕ್ಕೆ ಕೊಚ್ಚಿಹೋಗುತ್ತಾರೆ, ಅಲ್ಲಿ ಜಾಗ ಉಳಿಸಿಕೊಳ್ಳುವುದಕ್ಕೇ ದುಡಿಯಬೇಕು. ಸ್ಪ್ರಿಂಟ್ ಗೆರೆಗೆ ಇನ್ನೂರು ಮೀಟರ್ ಇರುವಾಗ, ಎದುರುಗಾಳಿ ಇದ್ದರೆ ಇನ್ನೂ ತಡವಾಗಿ. ಹಿಡಿದ ಗೆರೆ ಬಿಟ್ಟು ಅಡ್ಡಾದಿಡ್ಡಿ ಸರಿಯಬಾರದು. ವಾಹನ ಓಡುವ ರಸ್ತೆಯಲ್ಲಿ ನಡೆಯುವ ರೇಸಿನಲ್ಲಿ ರಸ್ತೆಯ ನಡುಗೆರೆ ದಾಟಿದರೆ ಎಷ್ಟನೇ ಸ್ಥಾನ ಬಂದರೂ ಅನರ್ಹತೆ ಖಚಿತ.

ತಯಾರಿಗೆ ವಾರಕ್ಕೆ ನಾಲ್ಕು ದಿನ ಸಾಕು. ಒಂದು ದಿನ ಎಂಟೆಂಟು ನಿಮಿಷದ ನಾಲ್ಕು ಜೋರು ತುಳಿತ, ನಡುವೆ ನಾಲ್ಕು ನಿಮಿಷ ಬಿಡುವು. ಒಂದು ದಿನ ಕ್ಲಬ್ಬಿನ ಉದ್ದ ರೈಡು. ಇನ್ನೆರಡು ದಿನ ಮಾತಾಡಿಕೊಂಡು ಹೋಗುವಷ್ಟು ಹಗುರ. ಈ ಹಗುರದ ದಿನಗಳನ್ನೂ ಗುಂಪಿನ ಪೈಪೋಟಿಯಲ್ಲಿ ಕಳೆಯುವುದೇ ನಮ್ಮವರ ದೊಡ್ಡ ರೋಗ. ರೇಸಿನ ವಾರ ತುಳಿತ ಅರ್ಧಕ್ಕೆ ಇಳಿಯಲಿ.

ರೇಸಿನ ಬೆಳಿಗ್ಗೆ

ಎರಡೂವರೆ ಗಂಟೆ ಮುಂಚೆ ಎರಡು ಮೂರು ಇಡ್ಲಿ, ಒಂದು ಬಾಳೆಹಣ್ಣು; ಚಟ್ನಿ ಕಡಿಮೆ, ವಡೆ ಬೇಡ. ಹಿಂದಿನ ರಾತ್ರಿಯೇ ಸೈಕಲ್ ನೋಡಿಟ್ಟಿರಬೇಕು: ಹ್ಯಾಂಡಲನ್ನು ಹಿಡಿದಿರುವ ಸ್ಟೆಮ್ಮಿನ ಬೋಲ್ಟುಗಳ ಬಿಗಿತ ಬಹುತೇಕ 5 ನ್ಯೂಟನ್ ಮೀಟರ್, ಭಾಗದ ಮೇಲೆ ಬರೆದಿರುತ್ತದೆ. ಚಕ್ರದ ಲಿವರ್ ಬಿಗಿ ಇದೆಯೇ, ಬ್ರೇಕ್ ಪ್ಯಾಡ್ ಉಳಿದಿದೆಯೇ, ಟೈರಿನಲ್ಲಿ ಗಾಜಿನ ಚೂರಿದೆಯೇ ನೋಡಿ. ರೇಸಿನ ಹಿಂದಿನ ದಿನ ಹೊಸ ಭಾಗ ಯಾವುದನ್ನೂ ಹಾಕಬೇಡಿ. ನಂಬರ್ ಪಟ್ಟಿಯನ್ನು ಜೆರ್ಸಿ ಹಾಕಿಕೊಂಡ ಮೇಲೆ ಚುಚ್ಚಿಸಿಕೊಳ್ಳಲು ಹೋದರೆ ಪಿನ್ನು ಬೆನ್ನ ಜೇಬನ್ನೂ ಸೇರಿಸಿ ಹೊಲಿದುಬಿಡುತ್ತದೆ, ಇಪ್ಪತ್ತನೇ ಕಿಲೋಮೀಟರಿನಲ್ಲಿ ಬಾಳೆಹಣ್ಣಿಗೆ ಕೈ ಹಾಕಿದಾಗ ಗೊತ್ತಾಗುತ್ತದೆ. ಜೆರ್ಸಿಯನ್ನು ದಿಂಬಿನ ಮೇಲೆ ಹರಡಿ, ಜೇಬಿನೊಳಗೆ ಕೈಯಿಟ್ಟುಕೊಂಡು, ಗಾಳಿಗೆ ಪಟಪಟ ಅನ್ನದಂತೆ ಆರು ಪಿನ್ನು ಚುಚ್ಚಿ.

ಗೆರೆ ದಾಟಿದ ಕೂಡಲೇ ಬ್ರೇಕ್ ಹಾಕಬೇಡಿ, ಕೈ ಎತ್ತಬೇಡಿ. ನಿಮ್ಮ ಹಿಂದೆ ಇಪ್ಪತ್ತು ಮೂವತ್ತು ಜನ ತಲೆ ತಗ್ಗಿಸಿ ಐವತ್ತರ ವೇಗದಲ್ಲಿ ಬರುತ್ತಿರುತ್ತಾರೆ. ಹಿಡಿದ ನೇರದಲ್ಲೇ ಇನ್ನೂರು ಮುನ್ನೂರು ಮೀಟರ್ ಜಾರಿಹೋಗಿ, ಹಿಂದೆ ನೋಡಿ, ರಸ್ತೆಯಿಂದ ಇಳಿದು ನಿಲ್ಲಿ. ಮರಳಿ ಬರುವಾಗ ರೇಸು ನಡೆಯುವ ಬದಿ ಬಿಟ್ಟು ಇನ್ನೊಂದು ಅಂಚು ಹಿಡಿಯಿರಿ, ಕೊನೆಯ ಗುಂಪಿನವರು ಇನ್ನೂ ಬರುವುದಿದೆ.